ರಾಡಾರ್‌ಗೆ ಹುರುಳಿ ಕಾಣುವುದಿಲ್ಲ

ಡಿಸೆಂಬರ್ ಬಂತೆಂದರೆ ಮಧುಗಿರಿಯಿಂದ ಪಾವಗಡದ ಕಡೆಗೆ ಹೋಗುವ ದಾರಿ ಅರ್ಧ ರಸ್ತೆ, ಅರ್ಧ ಕಣ. ಮಿಡಿಗೇಶಿ ಸುತ್ತಮುತ್ತ ಡಾಂಬರಿನ ಒಂದು ಪಕ್ಕಕ್ಕೆ ಹುರುಳಿ ಬಳ್ಳಿ ಹಾಸಿರುತ್ತದೆ. ಅಂಚಿಗೆ ತಲೆಗಾತ್ರದ ಕಲ್ಲುಗಳ ಸಾಲು. ಮೊರ ಹಿಡಿದ ಹೆಂಗಸೊಬ್ಬರು ಬಸ್ಸು ಬಂದಾಗ ಪಕ್ಕಕ್ಕೆ ಸರಿಯುತ್ತಾರೆ, ಹೋದ ಮೇಲೆ ಮತ್ತೆ ರಸ್ತೆಗಿಳಿದು ಚಕ್ರ ತುಳಿದ ಸೊಪ್ಪನ್ನು ಕೊಡವಿ ತಿರುವಿ ಹಾಕುತ್ತಾರೆ. ಎತ್ತು ಬೇಡ, ರೋಣಗಲ್ಲು ಬೇಡ; ಸರ್ಕಾರಿ ಬಸ್ಸೇ ರೋಣಗಲ್ಲು.

ಆ ಬಸ್ಸಿನ ಹಿಂದೆ ಬೆಂಗಳೂರಿನಿಂದ ಬಂದ ಹೊಸ ಕಾರೊಂದು ಇದೆ ಎಂದುಕೊಳ್ಳಿ. ಕ್ರೂಸ್ ಎಂಬತ್ತಕ್ಕೆ ಹಾಕಿದೆ. ಬಸ್ಸು ಐವತ್ತರಲ್ಲಿ ಹೋಗುತ್ತಿರುವುದರಿಂದ ಕಾರೂ ಐವತ್ತಕ್ಕಿಳಿದು, ಅಂತರ ಕಾಯ್ದುಕೊಂಡು, ಪಳಗಿದ ಹಸುವಿನ ಹಾಗೆ ಹಿಂದೆ ಹಿಂದೆ ಹೋಗುತ್ತಿದೆ. ಚಾಲಕನ ಕಾಲು ಪೆಡಲ್ ಮುಟ್ಟಿ ಹತ್ತು ನಿಮಿಷವಾಗಿದೆ. ಊರ ಗೇಟಿನಲ್ಲಿ ಬಸ್ಸು ಎಡಕ್ಕೆ ಇಳಿಯಿತು. ರಾಡಾರ್ ಲೆಕ್ಕದಲ್ಲಿ ಇನ್ನು ದಾರಿ ಖಾಲಿ. ಯಾರೂ ಒತ್ತದೆಯೇ ವೇಗ ಏರುತ್ತದೆ: ಅರವತ್ತು, ಎಪ್ಪತ್ತು. ಮುಂದೆ ಹುರುಳಿ ಇದೆ, ಕಲ್ಲಿದೆ, ರಸ್ತೆಗೆ ಬೆನ್ನು ಹಾಕಿ ಬಗ್ಗಿ ಕೆಲಸ ಮಾಡುತ್ತಿರುವ ಇನ್ನೊಬ್ಬ ಹೆಂಗಸಿದ್ದಾರೆ.

ಕಾರು ಕೆಟ್ಟಿಲ್ಲ. ಕಂಪನಿ ಹೇಳಿಕೊಟ್ಟ ಕೆಲಸವನ್ನು ಅಕ್ಷರಶಃ ಮಾಡುತ್ತಿದೆ. ‘ಅಡಾಪ್ಟಿವ್ ಕ್ರೂಸ್ ಕಂಟ್ರೋಲ್’ ಎಂಬ ಈ ಸೌಲಭ್ಯವನ್ನು ಯಾವ ರಸ್ತೆಯನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದರೋ ಆ ರಸ್ತೆಯಲ್ಲಿ ಹುರುಳಿ ಒಕ್ಕುವುದಿಲ್ಲ, ಅಷ್ಟೇ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗೆ ನೋಡಿದರೆ ಕ್ರೂಸ್ ಹಾಕಲು ತಕ್ಕ ದೊಡ್ಡ ರಸ್ತೆ ಇರುವುದು ಒಂದೇ, ಅದೂ ಷರತ್ತಿನ ಮೇಲೆ. ಉಳಿದ ಕಡೆಯೆಲ್ಲ ಆ ಗುಂಡಿಯನ್ನು ಮುಟ್ಟದಿರುವುದೇ ಚಾಲನೆ. ಕಾರು ಮಾರುವವರು ಮಾತ್ರ ಇದನ್ನು ಹೇಳುವುದಿಲ್ಲ.

ಮಾರುವವರು ಹೇಳುವುದು ಇಷ್ಟು: ‘ಸರ್, ಇದೊಂದು ಆನ್ ಮಾಡಿಬಿಡಿ, ಮಿಕ್ಕಿದ್ದೆಲ್ಲ ಕಾರೇ ನೋಡ್ಕೊಳುತ್ತೆ.’ ಡೆಲಿವರಿಯ ದಿನ ರಟ್ಟಿನ ದೊಡ್ಡ ಕೀಲಿ ಕೈಗೆ ಕೊಟ್ಟು ಫೋಟೊ ತೆಗೆಯಲು ಇಪ್ಪತ್ತು ನಿಮಿಷವಿರುತ್ತದೆ. ಸ್ಟೀರಿಂಗ್ ಮೇಲಿನ ಹನ್ನೆರಡು ಗುಂಡಿಗಳಿಗೆ ಎರಡು ನಿಮಿಷ.

ಕ್ರೂಸ್ ಕಂಟ್ರೋಲ್‌ನ ಕಥೆ ಶುರುವಾದದ್ದು ಒಬ್ಬ ಕುರುಡರಿಂದ. ಅಮೆರಿಕದ ಇಂಡಿಯಾನಾ ರಾಜ್ಯದ ಎಂಜಿನಿಯರ್ ರಾಲ್ಫ್ ಟೀಟರ್ ಐದನೇ ವಯಸ್ಸಿಗೇ ಕಣ್ಣು ಕಳೆದುಕೊಂಡವರು. ಅವರ ವಕೀಲರು ಕಾರು ಓಡಿಸುವಾಗ ತಾವು ಮಾತಾಡುತ್ತಿದ್ದರೆ ವೇಗ ಇಳಿಸುತ್ತಿದ್ದರಂತೆ, ಎದುರಿನವರ ಮಾತು ಕೇಳುತ್ತಿದ್ದರೆ ಏರಿಸುತ್ತಿದ್ದರಂತೆ. ಪಕ್ಕದಲ್ಲಿ ಕೂತ ಟೀಟರ್‌ಗೆ ಈ ಎಳೆದಾಟ ಸಾಕಾಗಿ ವೇಗವನ್ನು ಒಂದೇ ಹದದಲ್ಲಿ ಹಿಡಿದಿಡುವ ಸಾಧನ ಮಾಡಲು ಕೂತರು. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಂಪನಿಯ ಕಾರುಗಳಿಗೆ ಬಂತು. ಅದಕ್ಕೆ ಮುಂದಿನ ವಾಹನದ ಪರಿವೆ ಇರಲಿಲ್ಲ. 1995ರಲ್ಲಿ ಜಪಾನಿನ ಮಿತ್ಸುಬಿಷಿ ಲೇಸರ್ ಬಳಸಿ ಮುಂದಿನ ಕಾರಿನ ಅಂತರ ಅಳೆಯುವುದನ್ನು ಸೇರಿಸಿತು. 1999ರಲ್ಲಿ ಮರ್ಸಿಡಿಸ್‌ನ ಎಸ್-ಕ್ಲಾಸ್‌ಗೆ ರಾಡಾರ್ ಬಂತು. ನಮ್ಮಲ್ಲಿ 2021ರಲ್ಲಿ ಎಂಜಿ ಆ್ಯಸ್ಟರ್, ಮಹೀಂದ್ರಾ ಎಕ್ಸ್‌ಯುವಿ 700 ಬಂದ ಮೇಲೆ ‘ಅಡಾಸ್ (ಚಾಲಕನಿಗೆ ನೆರವಾಗುವ ಇಂಥ ಸೌಲಭ್ಯಗಳ ಗುಂಪು) ಇದೆಯಾ?’ ಎಂಬ ಪ್ರಶ್ನೆ ‘ಮೈಲೇಜ್ ಎಷ್ಟು?’ ಎಂಬುದರ ಪಕ್ಕಕ್ಕೆ ಬಂದು ನಿಂತಿತು. 2024ರ ಕೊನೆಯ ಹೊತ್ತಿಗೆ ಹತ್ತು ಲಕ್ಷದ ಆಸುಪಾಸಿನ ಹೋಂಡಾ ಅಮೇಜ್‌ಗೂ ಇಳಿದಿತ್ತು. ಅಂದರೆ ಸೌಲಭ್ಯ ಬೆಂಗಳೂರಿನ ಶ್ರೀಮಂತರ ಗ್ಯಾರೇಜ್ ಬಿಟ್ಟು ಶಿರಾದ ಮೇಷ್ಟರ ಮನೆ ಮುಂದೆ ಬಂದು ನಿಂತಾಗಿದೆ.

ಇದು ನೋಡುವುದು ಹೇಗೆ? ಕಾರಿನ ಮೂತಿಯಲ್ಲಿ, ಲಾಂಛನದ ಹಿಂದೆಯೋ ಬಂಪರ್‌ನ ಕೆಳಗೋ ಕೂತ ರಾಡಾರ್ ಅಲೆಗಳನ್ನು ಬಿಟ್ಟು ಮರಳಿ ಬರುವ ಪ್ರತಿಧ್ವನಿಯನ್ನು ಎಣಿಸುತ್ತದೆ. ಎಷ್ಟು ದೂರದಲ್ಲಿ ಏನಿದೆ, ಅದು ಯಾವ ವೇಗದಲ್ಲಿ ಹತ್ತಿರವಾಗುತ್ತಿದೆ ಎಂಬುದನ್ನು ನಮ್ಮ ಕಣ್ಣಿಗಿಂತ ಚೆನ್ನಾಗಿ ಹೇಳುತ್ತದೆ. ತೊಡಕು ಇರುವುದು ನಿಂತ ವಸ್ತುಗಳಲ್ಲಿ. ಹೆದ್ದಾರಿಯ ಪಕ್ಕದ ತಗಡಿನ ಫಲಕ, ಸೇತುವೆಯ ಕಂಬಿ, ವಿಭಜಕದ ಕಬ್ಬಿಣ, ತಲೆಯ ಮೇಲಿನ ಫ್ಲೈಓವರ್ ಎಲ್ಲವೂ ನಿಂತ ವಸ್ತುಗಳೇ. ಎಲ್ಲಕ್ಕೂ ಬ್ರೇಕ್ ಹಾಕಿದರೆ ಕಾರು ತುಮಕೂರು ದಾಟುವುದೇ ಇಲ್ಲ. ಅದಕ್ಕೇ ವೇಗ ಹೆಚ್ಚಿದ್ದಾಗ, ಚಲಿಸದ ವಸ್ತುವಿನಿಂದ ಬಂದ ಪ್ರತಿಧ್ವನಿಗೆ ಅಷ್ಟಾಗಿ ಕಿವಿಗೊಡದಂತೆ ಅನೇಕ ವ್ಯವಸ್ಥೆಗಳನ್ನು ರೂಪಿಸಲಾಗಿದೆ. ಕ್ಯಾಮೆರಾ ಜೊತೆಗೂಡಿದ ಮೇಲೆ ಪರಿಸ್ಥಿತಿ ಸುಧಾರಿಸಿದೆ, ನಿಜ. ಆದರೂ ಬಹುಪಾಲು ಕಾರುಗಳ ಕೈಪಿಡಿ ತೆರೆದರೆ ಒಂದೇ ಪಟ್ಟಿ ಸಿಗುತ್ತದೆ: ನಿಂತ ವಾಹನ, ಎದುರು ಬರುವ ವಾಹನ, ಪಾದಚಾರಿ, ಪ್ರಾಣಿ, ಅಡ್ಡ ನುಗ್ಗುವ ದ್ವಿಚಕ್ರ ವಾಹನ. ಇವು ಕಾಣದೇ ಹೋಗಬಹುದು ಎಂದು ಕಂಪನಿಯೇ ಬರೆದುಕೊಟ್ಟಿರುತ್ತದೆ, ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ.

ಆ ಪಟ್ಟಿಯನ್ನು ಮತ್ತೊಮ್ಮೆ ಓದಿ, ಶಿರಾದಿಂದ ಮಧುಗಿರಿಗೆ ಒಂದು ಸಂಜೆ ಹೋಗಿ ಬನ್ನಿ. ದಾರಿಯಲ್ಲಿ ಸಿಗುವುದೆಲ್ಲ ಆ ಪಟ್ಟಿಯೇ. ದೇಶದ ಲೆಕ್ಕವೂ ಅದನ್ನೇ ಹೇಳುತ್ತದೆ: 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1.68 ಲಕ್ಷ ಜನರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು, ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರು.

ಹಾಗಾದರೆ ಈ ಸೌಲಭ್ಯ ಬೇಡವೇ? ಬೇಕು, 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಬೇಕು. ಹಳಬರು ಇವತ್ತಿಗೂ ‘ಎನ್‌ಎಚ್ ನಾಲ್ಕು’ ಎನ್ನುವ ಬೆಂಗಳೂರು–ಪುಣೆ ಹೆದ್ದಾರಿ ಶಿರಾ ತಾಲ್ಲೂಕನ್ನು ಸೀಳಿಕೊಂಡು ಹೋಗುತ್ತದೆ. ಸೀಬಿಯಿಂದ ಕಳ್ಳಂಬೆಳ್ಳ, ಶಿರಾ, ತಾವರೆಕೆರೆ ದಾಟಿ ಹಿರಿಯೂರಿನವರೆಗೆ ನಡುವೆ ವಿಭಜಕ, ಉದ್ದಕ್ಕೂ ನೇರ ದಾರಿ. ಬೆಳಗಿನ ಬಿಸಿಲು ಏರಿ ದಾರಿ ಒಣಗಿದ ಮೇಲೆ, ಸಂಚಾರ ಸಾಧಾರಣವಾಗಿದ್ದಾಗ ಇಲ್ಲಿ ಕ್ರೂಸ್ ಹಾಕಿದವರಿಗೆ ಲಾಭವಿದೆ. ಬಲಗಾಲಿಗೆ ಬಿಡುವು, ವೇಗಮಿತಿಗೆ ಬೀಗ. ವಿಭಜಕವಿರುವ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಗರಿಷ್ಠ ನೂರು ಕಿ.ಮೀ. ಎಂದು ಕೇಂದ್ರದ 2018ರ ಅಧಿಸೂಚನೆ ಹೇಳುತ್ತದೆ. 2024ರ ಆಗಸ್ಟ್‌ನಿಂದ 130 ಮೀರಿದರೆ ಎಫ್‌ಐಆರ್ ಹಾಕುವುದಾಗಿ ರಾಜ್ಯದ ಪೊಲೀಸರು ಹೇಳಿದ್ದಾರೆ. ತೊಂಬತ್ತಕ್ಕೆ ಕ್ರೂಸ್ ಹಾಕಿ ಎಡ ಪಥದಲ್ಲಿ ಹೋಗುವವರಿಗೆ ಈ ಎರಡರ ಚಿಂತೆಯೂ ಇಲ್ಲ.

ಆದರೆ ಈ ಹೆದ್ದಾರಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಅಲ್ಲ. ಅಲ್ಲಿ 2023ರ ಆಗಸ್ಟ್ 1ರಿಂದ ಮುಖ್ಯ ಪಥಗಳಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗೆ ನಿಷೇಧವಿದೆ. ಇಲ್ಲಿ ಮೂರೂ ಇವೆ, ಕೆಲವೊಮ್ಮೆ ಎದುರಿನಿಂದ. ಸರ್ವಿಸ್ ರಸ್ತೆಯವರೆಗೆ ಸುತ್ತಿ ಬರುವ ಬದಲು ವಿಭಜಕದ ಪಕ್ಕದಲ್ಲೇ ರಾಂಗ್ ಸೈಡಿನಲ್ಲಿ ಬರುವ ಬೈಕಿನಲ್ಲಿ ಗಂಡ, ಹೆಂಡತಿ, ನಡುವೆ ಮಗು, ಟ್ಯಾಂಕಿನ ಮೇಲೊಂದು ಗೊಬ್ಬರದ ಚೀಲ ಇರುತ್ತದೆ. ಕಳ್ಳಂಬೆಳ್ಳದಿಂದ ಶಿರಾವರೆಗೆ ಡಾಬಾಗಳ ಮುಂದೆ ಲಾರಿಗಳು ಅರ್ಧ ರಸ್ತೆಯಲ್ಲಿ, ಅರ್ಧ ಮಣ್ಣಿನಲ್ಲಿ ನಿಂತಿರುತ್ತವೆ. ಹಿಂದಿನ ಕೆಂಪು ದೀಪ ಉರಿಯುತ್ತಿದ್ದರೆ ಅದು ಚಾಲಕನ ದೊಡ್ಡಗುಣ.

ಶಿರಾ ತಾಲ್ಲೂಕಿನ ಬಾಲೇನಹಳ್ಳಿಯ ಹೆಸರು ರಾಜ್ಯಕ್ಕೆಲ್ಲ ಗೊತ್ತಾದದ್ದು 2022ರ ಆಗಸ್ಟ್ 25ರ ನಸುಕಿನಲ್ಲಿ. ರಾಯಚೂರು ಕಡೆಯಿಂದ ಕೂಲಿಗಾಗಿ ಬೆಂಗಳೂರಿಗೆ ಹೊರಟಿದ್ದ ಜನರನ್ನು ತುಂಬಿಕೊಂಡಿದ್ದ ಕ್ರೂಸರ್ ವಾಹನ ಲಾರಿಗೆ ಡಿಕ್ಕಿಯಾಗಿ ಮಕ್ಕಳೂ ಸೇರಿ ಒಂಬತ್ತು ಮಂದಿ ಸತ್ತರು. ಆ ವಾಹನದಲ್ಲಿ ರಾಡಾರೂ ಇರಲಿಲ್ಲ, ಪ್ರತಿಯೊಬ್ಬರಿಗೆ ಒಂದು ಸೀಟೂ ಇರಲಿಲ್ಲ. ಹೊಸ ಕಾರಿನ ತಂತ್ರಜ್ಞಾನದ ಮಾತಾಡುವಾಗ ಆ ಕ್ರೂಸರನ್ನು ನೆನೆಯಬೇಕಾದ್ದು ಏಕೆಂದರೆ ಎರಡೂ ಹಂಚಿಕೊಳ್ಳುವುದು ಅದೇ ಎರಡು ಪಥಗಳನ್ನು. ಇಪ್ಪತ್ತು ಲಕ್ಷದ ಕಾರಿನ ಮುಂದೆ ಇರುವುದು ಇನ್ನೊಂದು ಇಪ್ಪತ್ತು ಲಕ್ಷದ ಕಾರಲ್ಲ. ಹಿಂದಿನ ದೀಪವಿಲ್ಲದ ಟ್ರೇಲರ್, ತೂಕ ಮೀರಿ ತುಂಬಿ ಏರಿನಲ್ಲಿ ಮೂವತ್ತರಲ್ಲಿ ತೆವಳುವ ಲಾರಿ.

ಇಲ್ಲೊಂದು ಸಣ್ಣ ಲೆಕ್ಕ. ತೊಂಬತ್ತರ ವೇಗವೆಂದರೆ ಸೆಕೆಂಡಿಗೆ 25 ಮೀಟರ್. ಕ್ರೂಸ್‌ನ ಅಂತರವನ್ನು ಅತಿ ಹತ್ತಿರದ ಗೆರೆಗೆ ಇಟ್ಟರೆ ಮುಂದಿನ ವಾಹನಕ್ಕೂ ನಿಮಗೂ ಹೆಚ್ಚುಕಡಿಮೆ ಒಂದು ಸೆಕೆಂಡು, ಅಂದರೆ ಎರಡು ಲಾರಿ ಉದ್ದ. ಅನಿರೀಕ್ಷಿತವಾದದ್ದು ಕಂಡಾಗ ಮನುಷ್ಯನ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿಯುತ್ತದೆ. ಕಾಲು ಮಡಚಿ ಕೂತಿದ್ದರೆ ಇನ್ನೂ ಹೆಚ್ಚು. ಕಾರೇ ಬ್ರೇಕ್ ಹಾಕುತ್ತದಲ್ಲ ಎನ್ನಬಹುದು. ಹಾಕುತ್ತದೆ, ಆದರೆ ಮೆಲ್ಲಗೆ. ಈ ವ್ಯವಸ್ಥೆಗಿರುವ ಐಎಸ್‌ಒ 15622 ಎಂಬ ಅಂತರರಾಷ್ಟ್ರೀಯ ಮಾನದಂಡ ಹೆಚ್ಚಿನ ವೇಗದಲ್ಲಿ ಕ್ರೂಸ್ ಎಷ್ಟು ಜೋರಾಗಿ ಬ್ರೇಕ್ ಹಾಕಬಹುದೆಂಬುದಕ್ಕೆ ಮಿತಿ ಹಾಕಿದೆ. ಆ ಮಿತಿಯಲ್ಲೇ ತೊಂಬತ್ತರಿಂದ ಸೊನ್ನೆಗೆ ಬರಲು ಸುಮಾರು 90 ಮೀಟರ್ ಬೇಕು. ಒಣ ರಸ್ತೆಯಲ್ಲಿ ಬ್ರೇಕ್ ಪೂರ್ತಿ ಒತ್ತಿದ ಮೇಲೆ ಅದೇ ಕಾರು ಅದರ ಅರ್ಧ ದೂರದಲ್ಲಿ ನಿಲ್ಲುತ್ತದೆ. ತುರ್ತು ಬ್ರೇಕ್ ಎಂಬ ಬೇರೆಯದೇ ವ್ಯವಸ್ಥೆ ಕೊನೆಯ ಗಳಿಗೆಯಲ್ಲಿ ನೆರವಿಗೆ ಬಂದೀತು, ಬಾರದೆಯೂ ಇದ್ದೀತು. ಕ್ರೂಸ್ ಇರುವುದು ಆರಾಮಕ್ಕೆ. ಅಂತರವನ್ನು ಅತಿ ದೂರದ ಗೆರೆಗೆ ಇಟ್ಟುಬಿಡುವುದು ಇಲ್ಲಿಯ ಮೊದಲ ಪಾಠ. ‘ನಡುವೆ ಬೇರೆಯವರು ನುಗ್ತಾರೆ’ ಎಂಬ ದೂರು ನಿಜವೇ. ನುಗ್ಗಲಿ. ಶಿರಾಕ್ಕೆ ಎರಡು ನಿಮಿಷ ತಡವಾದರೆ ಶಿರಾ ಎಲ್ಲಿಗೂ ಹೋಗುವುದಿಲ್ಲ.

ಇದಕ್ಕಿಂತ ಕಪಟಿಯಾದ ಸನ್ನಿವೇಶವೊಂದಿದೆ. ಮುಂದೆ ಹೋಗುತ್ತಿದ್ದ ಲಾರಿ ಇದ್ದಕ್ಕಿದ್ದಂತೆ ಪಕ್ಕದ ಪಥಕ್ಕೆ ಸರಿಯುತ್ತದೆ. ಏಕೆ ಸರಿಯಿತೆಂದರೆ ಅದರ ಮುಂದೆ ಟಯರ್ ಸಿಡಿದ ಇನ್ನೊಂದು ಲಾರಿ ನಿಂತಿದೆ. ಇಷ್ಟು ಹೊತ್ತು ಚಲಿಸುವ ಲಾರಿಯನ್ನು ಹಿಂಬಾಲಿಸಿದ ರಾಡಾರ್‌ಗೆ ದಾರಿ ತೆರೆಯಿತು ಎನ್ನಿಸಿ ವೇಗ ಏರಿಸುವ ಸಾಧ್ಯತೆ ಇದೆ, ಸರಿಯಾಗಿ ನಿಲ್ಲಬೇಕಾದ ಕ್ಷಣದಲ್ಲಿ. ಯೂರೋಪಿನ ಕಾರು ಸುರಕ್ಷತಾ ಸಂಸ್ಥೆ ಯೂರೋ ಎನ್‌ಕ್ಯಾಪ್ 2018ರಲ್ಲಿ ಹತ್ತು ಕಾರುಗಳ ಮೇಲೆ ಇಂಥ ಪರೀಕ್ಷೆಗಳನ್ನು ನಡೆಸಿದಾಗ, ಮನುಷ್ಯನ ಕೈ ಬೀಳದೆ ಹೋದರೆ ಕಷ್ಟ ಎಂದು ತೋರಿದ ಸನ್ನಿವೇಶಗಳಲ್ಲಿ ಇದೂ ಒಂದು. ಡಾಬಾ ಸಾಲಿನ ಹೆದ್ದಾರಿಯಲ್ಲಿ ಇದು ಪರೀಕ್ಷೆಯಲ್ಲ, ಮಂಗಳವಾರ.

ಹೆದ್ದಾರಿಯಿಂದ ಇಳಿಯುವಾಗಿನ ಎಡವಟ್ಟೂ ಇದರ ತಮ್ಮನೇ. ಶಿರಾ ಊರೊಳಗೆ ಹೋಗಲು ಕಾರು ಎಡಕ್ಕೆ ಸರ್ವಿಸ್ ರಸ್ತೆಗೆ ತಿರುಗುತ್ತದೆ. ಇಷ್ಟು ಹೊತ್ತು ಮುಂದಿದ್ದ ಟ್ಯಾಂಕರ್ ನೇರ ಹೋಯಿತು. ಎದುರು ಯಾರೂ ಇಲ್ಲವೆಂದು ಕಾರು ಹಾಕಿಟ್ಟ ತೊಂಬತ್ತಕ್ಕೆ ಹಾರುತ್ತದೆ, ಮುಂದೆ ಇರುವುದು ಆಟೊ ಸ್ಟ್ಯಾಂಡು ಮತ್ತು ಬಣ್ಣ ಬಳಿಯದ ಹಂಪು. ಕ್ರೂಸ್‌ಗೆ ಹಂಪಿನ ಜ್ಞಾನವಿಲ್ಲ. ಟೋಲ್ ಗೇಟಿಗೆ ಮುಂಚೆ, ಇಳಿಜಾರಿಗೆ ಮುಂಚೆ, ಮಳೆ ಹನಿ ಬಿದ್ದ ಕೂಡಲೇ, ಕಾಮಗಾರಿಯ ಡೈವರ್ಷನ್ ಫಲಕ ಕಂಡ ಕೂಡಲೇ ‘ಕ್ಯಾನ್ಸಲ್’ ಒತ್ತಬೇಕು, ಆಮೇಲೆ ಸ್ಟೀರಿಂಗ್ ತಿರುಗಿಸಬೇಕು. ‘ರೆಸ್ಯೂಮ್’ ಗುಂಡಿಯನ್ನು ಇನ್ನೂ ಹುಷಾರಾಗಿ ಮುಟ್ಟಬೇಕು. ಅದು ಅರ್ಧ ಗಂಟೆ ಹಿಂದೆ ಹೆದ್ದಾರಿಯಲ್ಲಿ ಹಾಕಿದ ವೇಗವನ್ನು ಮರೆತಿರುವುದಿಲ್ಲ. ಸಾಲಕೊಟ್ಟವನ ನೆನಪಿನಂಥದು ಅದರ ನೆನಪು.

ಶಿರಾದಿಂದ ಪೂರ್ವಕ್ಕೆ ತಿರುಗಿ ಮಧುಗಿರಿ ರಸ್ತೆ ಹಿಡಿದರೆ ಬೇರೆಯೇ ಲೋಕ. ವಿಭಜಕವಿಲ್ಲ. ಮುಂದಿನದನ್ನು ಹಿಂದಿಕ್ಕಬೇಕೆಂದರೆ ಎದುರಿನವರ ಪಥಕ್ಕೇ ಹೋಗಬೇಕು. ಕಾರಿನ ಕಂಪ್ಯೂಟರ್ ಎದುರು ಬರುವ ವಾಹನವನ್ನು ಹಿಂಬಾಲಿಸಬೇಕಾದ ವಾಹನವೆಂದು ಎಣಿಸುವುದಿಲ್ಲ. ಕೆಲವು ಕಾರುಗಳಂತೂ ಬಲಗಡೆಯ ಇಂಡಿಕೇಟರ್ ಹಾಕಿದೊಡನೆ ‘ಓವರ್‌ಟೇಕ್ ಮಾಡುತ್ತಿದ್ದಾರೆ’ ಎಂದು ಊಹಿಸಿ ತಾವಾಗಿಯೇ ಸ್ವಲ್ಪ ವೇಗ ಏರಿಸುತ್ತವೆ. ಇದು ಜರ್ಮನಿಯ ಹೆದ್ದಾರಿಯಲ್ಲಿ ಉಪಕಾರ, ಇಲ್ಲಿ ಕಂಟಕ. 2024ರ ಸೆಪ್ಟೆಂಬರ್‌ನಲ್ಲಿ ಮಧುಗಿರಿ ತಾಲ್ಲೂಕಿನಲ್ಲಿ ಎರಡು ಕಾರುಗಳು ಮುಖಾಮುಖಿಯಾಗಿ ಐವರು ಸತ್ತರು. ಅಂಥ ಡಿಕ್ಕಿಯನ್ನು ತಪ್ಪಿಸುವ ಕೆಲಸವನ್ನು ಯಾವ ಕ್ರೂಸ್ ಕಂಟ್ರೋಲೂ ಒಪ್ಪಿಕೊಂಡಿಲ್ಲ.

ಹುಣಸೆ ಮರಗಳ ನೆರಳಿನದೂ ಒಂದು ಮಾತಿದೆ. ಅಮೆರಿಕದ ವಿಮಾ ಕಂಪನಿಗಳು ನಡೆಸುವ ಐಐಎಚ್‌ಎಸ್ ಎಂಬ ರಸ್ತೆ ಸುರಕ್ಷತಾ ಸಂಸ್ಥೆ 2018ರಲ್ಲಿ ಒಂದು ಟೆಸ್ಲಾ ಕಾರನ್ನು ಸುಮಾರು 290 ಕಿ.ಮೀ. ಓಡಿಸಿ ನೋಡಿತು. ಹನ್ನೆರಡು ಸಲ ಕಾರು ಕಾರಣವಿಲ್ಲದೆ ನಿಧಾನಿಸಿತು. ಅದರಲ್ಲಿ ಏಳು ಸಲ ರಸ್ತೆಯ ಮೇಲಿದ್ದದ್ದು ಬರೀ ಮರದ ನೆರಳು. ಎರಡೂ ಬದಿಗೆ ಹುಣಸೆ ಬೆಳೆದು ನಿಂತ ಕೊರಟಗೆರೆ, ಮಧುಗಿರಿ ಸೀಮೆಯ ದಾರಿಗಳಲ್ಲಿ ಬೆಳಗ್ಗೆ ಹತ್ತಕ್ಕೆ ಬಿಸಿಲು-ನೆರಳಿನ ಚಾಪೆ ಹಾಸಿರುತ್ತದೆ. ಕ್ಯಾಮೆರಾ ಬೆದರಿ ಸುಮ್ಮಸುಮ್ಮನೆ ಬ್ರೇಕ್ ಹಾಕಿದರೆ ಪೆಟ್ಟು ಬೀಳುವುದು ಹಿಂದೆ ಬರುತ್ತಿರುವ ಬೈಕಿನವನಿಗೆ. ದಿಢೀರ್ ಬ್ರೇಕಿನ ಬೆಲೆ ಎಷ್ಟೆಂಬುದನ್ನು ಅದೇ 48ನೇ ಹೆದ್ದಾರಿ 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ತೋರಿಸಿತು. ಕಂಟೇನರ್ ಲಾರಿ ವಿಭಜಕ ದಾಟಿ ಬಂದು ವೋಲ್ವೊ ಕಾರಿನ ಮೇಲೆ ಮಗುಚಿ ಒಂದೇ ಕುಟುಂಬದ ಆರು ಮಂದಿ ಸತ್ತರು. ಮುಂದಿನ ಕಾರು ಒಮ್ಮೆಲೇ ಬ್ರೇಕ್ ಹಾಕಿತು, ತಪ್ಪಿಸಲು ಹೋದೆ ಎಂದು ಲಾರಿ ಚಾಲಕ ಹೇಳಿದ್ದು ವರದಿಯಾಗಿತ್ತು. ಆ ಮುಂದಿನ ಕಾರಿಗೂ ಕ್ರೂಸ್‌ಗೂ ಗಂಟು ಹಾಕಲು ಆಧಾರವಿಲ್ಲ, ಹಾಕುವುದೂ ಬೇಡ. ಸುರಕ್ಷತೆಗೆ ಜಗತ್ತಿನಲ್ಲೇ ಹೆಸರಾದ ಕಾರೊಂದು ಇನ್ನೊಬ್ಬರ ಬ್ರೇಕಿನ ಕೈಯಲ್ಲಿತ್ತು ಎಂಬುದಷ್ಟೇ ಇಲ್ಲಿಗೆ ಸಂಬಂಧ.

ತಿರುವುಗಳ ವಿಚಾರಕ್ಕೆ ಬಂದರೆ ಪಾವಗಡದವರಿಗೆ ಪಳವಳ್ಳಿ ಕಟ್ಟೆಯನ್ನು ನೆನಪಿಸಬೇಕಿಲ್ಲ. 2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ, ಮಿತಿಮೀರಿ ಜನ ತುಂಬಿದ್ದ ಖಾಸಗಿ ಬಸ್ಸು ಅಲ್ಲಿ ಉರುಳಿ ವಿದ್ಯಾರ್ಥಿಗಳೂ ಸೇರಿ ಹಲವರ ಜೀವ ಹೋಯಿತು. ಕೆರೆ ಏರಿ, ಕಟ್ಟೆಗಳ ಮೇಲಿನ ದಾರಿ ಈ ಸೀಮೆಯಲ್ಲಿ ಹಾವಿನಂತೆ ಹೊರಳುತ್ತದೆ. ರಾಡಾರ್ ಮಾತ್ರ ಮೂಗಿನ ನೇರಕ್ಕೆ ನೋಡುತ್ತದೆ. ತಿರುವಿನಲ್ಲಿ ಮುಂದಿನ ಟೆಂಪೊ ಅದರ ನೋಟದಿಂದ ಪಕ್ಕಕ್ಕೆ ಜಾರಿದಾಗ ‘ಹೋಯಿತು’ ಎಂದು ವೇಗ ಏರಿಸಬಹುದು, ಇಲ್ಲವೇ ಪಕ್ಕದ ಪಥದ ವಾಹನವನ್ನು ತನ್ನ ಮುಂದಿನದೆಂದು ತಿಳಿದು ಬ್ರೇಕ್ ಹಾಕಬಹುದು. ಎರಡೂ ಕಡೆ ನೀರೋ ಹಳ್ಳವೋ ಇರುವ ಏರಿಯ ಮೇಲೆ ಎರಡೂ ಒಳ್ಳೆಯದಲ್ಲ.

ಪ್ರಾಣಿಗಳಂತೂ ಈ ನಾಲ್ಕು ತಾಲ್ಲೂಕಿನ ರಸ್ತೆಗಳ ಕಾಯಂ ಬಳಕೆದಾರರು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವಿದೆ. ಶಿರಾ, ಪಾವಗಡದ ಕಡೆ ಸಂಜೆ ಐದೂವರೆಗೆ ನೂರಿನ್ನೂರು ಕುರಿಗಳ ಹಿಂಡು ದಾರಿ ತುಂಬ ಹಟ್ಟಿಗೆ ಮರಳುತ್ತದೆ. ಲೋಹದಷ್ಟು ಚೆನ್ನಾಗಿ ಕುರಿಯ ಉಣ್ಣೆ ರಾಡಾರ್ ಅಲೆಯನ್ನು ಹಿಂದಿರುಗಿಸುವುದಿಲ್ಲ. ಹಿಂಡಿನ ಹಿಂದೆ ಕಂಬಳಿ ಹೊದ್ದು ನಡೆಯುವವನು ಕೈ ಎತ್ತಿದರೆ ಮನುಷ್ಯ ಚಾಲಕನಿಗೆ ‘ನಿಧಾನ ಕಣಣ್ಣ’ ಎಂದು ಅರ್ಥವಾಗುತ್ತದೆ. ಕಾರಿನ ಕ್ಯಾಮೆರಾಗೆ ಅದು ಏನೂ ಅಲ್ಲ.

ರಸ್ತೆ ಒಕ್ಕಣೆಯ ಬಗ್ಗೆ ಪೇಟೆಯವರ ಸಿಟ್ಟಿಗೆ ಕಾರಣವಿದೆ. ಹುರುಳಿ ಬಳ್ಳಿ ಕಾರಿನ ತಳಕ್ಕೆ ಸುತ್ತಿಕೊಂಡು, ಸೈಲೆನ್ಸರ್ ಬಿಸಿಗೆ ಹೊತ್ತಿ, ಕಾರೇ ಸುಟ್ಟುಹೋದ ಸುದ್ದಿ ಸುಗ್ಗಿಯ ದಿನಗಳಲ್ಲಿ ಜಿಲ್ಲಾ ಪುಟಗಳಲ್ಲಿ ಬರುತ್ತಲೇ ಇರುತ್ತದೆ. ಆದರೆ ಸಿಟ್ಟು ರೈತರ ಮೇಲೆ ಮಾತ್ರ ತಿರುಗಿದರೆ ಅನ್ಯಾಯ. 13 ಸಾವಿರ ಎಕರೆಯಲ್ಲಿ ಬಿಸಿಲು ಹಿಡಿದು 2,050 ಮೆಗಾವಾಟ್ ವಿದ್ಯುತ್ ತೆಗೆಯುವ ಸೌರ ಪಾರ್ಕ್ ಇರುವ ತಾಲ್ಲೂಕು ಪಾವಗಡ. ಅಲ್ಲಿಯೇ ಎರಡು ಮೂಟೆ ಹುರುಳಿ ಒಕ್ಕಲು ಸಿಮೆಂಟಿನ ಕಣವಿಲ್ಲದೆ ಹೆಂಗಸರು ಬಸ್ಸಿನ ಚಕ್ರ ಕಾಯಬೇಕು. ಉದ್ಯೋಗ ಖಾತರಿಯಲ್ಲಿ ಒಕ್ಕಣೆ ಕಣ ಕಟ್ಟಿಕೊಳ್ಳಲು ಅವಕಾಶವಿದ್ದದ್ದು ಹೊಸದಲ್ಲ. ಎಷ್ಟು ಊರಿನಲ್ಲಿ ಆಯಿತೆಂಬುದಕ್ಕೆ ಡಿಸೆಂಬರಿನ ರಸ್ತೆಯೇ ಉತ್ತರ.

ನಮ್ಮದೇ ಕೈಯಾರೆ ರಾಡಾರ್‌ನ ಕಣ್ಣು ಕಟ್ಟುವುದೂ ಉಂಟು. ಆಯುಧಪೂಜೆಯ ದಿನ ಕಾರಿನ ಮೂತಿಗೆ ಸೇವಂತಿಗೆಯ ದಪ್ಪ ಹಾರ, ಎರಡು ಬದಿಗೆ ಬಾಳೆಕಂದು, ಗಾಜಿಗೆ ವಿಭೂತಿಯ ಮೂರು ಗೆರೆ, ಕುಂಕುಮ. ಪೂಜೆ ಸರಿ, ಹಾರವೂ ಚೆಂದ. ಅದೇ ಹಾರದಲ್ಲಿ ಗೊರವನಹಳ್ಳಿ ಲಕ್ಷ್ಮಿಯ ದರ್ಶನಕ್ಕೆಂದು ಹೊರಟು ಹೆದ್ದಾರಿಯಲ್ಲಿ ಕ್ರೂಸ್ ಹಾಕಿದರೆ, ಹೂವಿನ ಹಿಂದೆ ಕೂತ ರಾಡಾರ್ ಏನು ನೋಡಬೇಕು? ಕೆಲವು ಕಾರು ‘ಸೆನ್ಸರ್ ಮುಚ್ಚಿದೆ’ ಎಂದು ಹೇಳಿ ಸುಮ್ಮನಾಗುತ್ತವೆ. ಅದು ಅದೃಷ್ಟ. ಮುಂಭಾಗಕ್ಕೆ ಹಾಕಿಸುವ ಉಕ್ಕಿನ ಗಾರ್ಡ್, ದಾರಿಯ ಕೆಸರು, ಗಾಜು ಒಡೆದಾಗ ಊರ ಅಂಗಡಿಯಲ್ಲಿ ಹೊಸದು ಕೂರಿಸಿ ಕ್ಯಾಮೆರಾವನ್ನು ಮತ್ತೆ ಹದಗೊಳಿಸದೇ ಇರುವುದು, ಇವೂ ಅದೇ ಜಾತಿಯವು.

ಎಲ್ಲಕ್ಕಿಂತ ಹೆಚ್ಚು ಮಂಕಾಗುವುದು ಚಾಲಕನ ಗಮನ. ಐಐಎಚ್‌ಎಸ್ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಡಾಪ್ಟಿವ್ ಕ್ರೂಸ್ ಹಾಕಿಕೊಂಡವರು ವೇಗಮಿತಿ ಮೀರುವ ಸಂಭವ ಶೇ 24ರಷ್ಟು ಹೆಚ್ಚಿತ್ತು. ವೇಗ ಹದದಲ್ಲಿಡಲೆಂದು ಬಂದ ಸಾಧನವೇ ವೇಗದ ಭಯ ಬಿಡಿಸಿತು. ನಮ್ಮಲ್ಲಿ ಅದು ರೀಲ್ಸ್ ರೂಪ ತಾಳಿತು. ಸ್ಟೀರಿಂಗ್‌ಗೆ ನೀರಿನ ಬಾಟಲಿ ಸಿಕ್ಕಿಸಿ, ಕೈ ಇದೆಯೆಂದು ಕಾರಿಗೆ ನಂಬಿಸಿ, ಸೀಟಿನಲ್ಲಿ ಅಡ್ಡ ತಿರುಗಿ ಕೂತ ವೀಡಿಯೊಗಳು 2022ರಿಂದಲೇ ಓಡಾಡಿದವು. ಎಂಜಿನಿಯರುಗಳ ಶ್ರೇಣಿಯಲ್ಲಿ ಬರೀ ಅಡಾಪ್ಟಿವ್ ಕ್ರೂಸ್ ಇರುವುದು ಒಂದನೇ ಹಂತ. ಪಥದ ನಡುವೆ ಇಡುವ ಸಹಾಯವೂ ಸೇರಿದರೆ ಎರಡನೆಯದು. ಐದರ ಲೆಕ್ಕದಲ್ಲಿ ಎರಡು. ಎರಡರಲ್ಲೂ ಚಾಲಕನೆಂದರೆ ಸೀಟಿನಲ್ಲಿ ಕೂತ ಮನುಷ್ಯನೇ, ಕೇಸು ಬೀಳುವುದೂ ಅವನ ಮೇಲೇ. ರೀಲ್ಸ್ ಮಾಡದ ಸಭ್ಯರಿಗೂ ಇನ್ನೊಂದು ಅಪಾಯವಿದೆ: ಊಟವಾದ ಮೇಲೆ ನೇರ ದಾರಿಯಲ್ಲಿ ಕಾಲಿಗೆ ಕೆಲಸವಿಲ್ಲದೆ ಕೂತರೆ ಜೊಂಪು ಹತ್ತುತ್ತದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ನಿಂತು ಹೋಗುವ ಹಳೆಯ ಚಟದಲ್ಲಿ ರುಚಿಯಷ್ಟೇ ವಿವೇಕವೂ ಇತ್ತು.

ಇದನ್ನೆಲ್ಲ ಚಾಲಕನೊಬ್ಬನೇ ತಿಳಿದುಕೊಳ್ಳಲಿ ಎಂದು ಬಿಡುವುದು ಸುಲಭ, ಸರಿಯಲ್ಲ. ಮಧುಗಿರಿಗೆ ತನ್ನದೇ ಸಾರಿಗೆ ಕಚೇರಿ ಇದೆ. ಕೆಎ 64 ಅದರದ್ದು. ಲೈಸೆನ್ಸ್ ಕೊಡುವಾಗ ರಿವರ್ಸ್ ತೆಗೆಯಲು ಬರುತ್ತದೆಯೇ, ಫಲಕಗಳ ಅರ್ಥ ಗೊತ್ತೇ ಎಂದು ನೋಡುವುದುಂಟು. ಕಾರು ತಾನೇ ವೇಗ ಏರಿಸಿದಾಗ ಏನು ಮಾಡುತ್ತೀರಿ ಎಂದು ರಾಜ್ಯದ ಯಾವ ಪರೀಕ್ಷೆಯೂ ಕೇಳುವುದಿಲ್ಲ. ಕಲಿಕಾ ಪರೀಕ್ಷೆಗೆ ಇಂಥ ನಾಲ್ಕು ಪ್ರಶ್ನೆ ಸೇರಿಸಲು ಹಣ ಬೇಕಿಲ್ಲ. ಕಂಪನಿಗಳು ಕನ್ನಡದಲ್ಲಿ ಜಾಹೀರಾತು ಕೊಡುತ್ತವೆ, ಕನ್ನಡ ಹಾಡು ಹಾಕಿ ಷೋರೂಮು ತೆರೆಯುತ್ತವೆ. ‘ಇದು ನಿಂತ ವಾಹನವನ್ನು ಗುರುತಿಸದೇ ಹೋಗಬಹುದು’ ಎಂಬ ಒಂದು ಪುಟವನ್ನೂ ಕನ್ನಡದಲ್ಲಿ ಕೊಡಲಿ. ಒಂದೇ ಗುಂಡಿಗೆ ಒಂದು ಕಂಪನಿ ಒಂದು ಚಿತ್ರ, ಇನ್ನೊಂದು ಕಂಪನಿ ಇನ್ನೊಂದು ಹೆಸರು ಇಟ್ಟುಕೊಂಡಿರುವುದರಿಂದ ಬಾವನ ಕಾರು ತಂದವನು ಕ್ಯಾನ್ಸಲ್ ಹುಡುಕುವಷ್ಟರಲ್ಲಿ ಹಂಪು ಬಂದಿರುತ್ತದೆ.

ಡೆಲಿವರಿಯ ದಿನ ಫೋಟೊ ಆದ ಮೇಲೆ ತುಮಕೂರಿನ ಷೋರೂಮಿನವರು ಗಿರಾಕಿಯನ್ನು ಕೂರಿಸಿಕೊಂಡು ಸೀಬಿಯವರೆಗೆ ಒಂದು ಸಲ ಹೋಗಿ ಬರಲಿ. ನೇರ ದಾರಿಯಲ್ಲಿ ಕ್ರೂಸ್ ಹಾಕಿಸಲಿ, ಅಂತರದ ಗೆರೆ ದೂರಕ್ಕಿಡಿಸಲಿ, ಲಾರಿಯ ಹಿಂದೆ ಕಾರು ತಾನಾಗಿ ನಿಧಾನಿಸುವುದನ್ನು ತೋರಿಸಲಿ, ಲಾರಿ ಪಕ್ಕಕ್ಕೆ ಸರಿದೊಡನೆ ಅದು ಮುನ್ನುಗ್ಗುವುದನ್ನೂ ತೋರಿಸಲಿ. ಸರ್ವಿಸ್ ರಸ್ತೆಗೆ ಇಳಿಯುವ ಮುಂಚೆ ಕ್ಯಾನ್ಸಲ್ ಒತ್ತಿಸಲಿ. ಹೋಗಿ ಬರಲು ಒಂದು ಗಂಟೆ ಸಾಕು. ಹೊರಡುವ ಮುಂಚೆ ಮೂತಿಯ ಮೇಲಿನ ಹಾರವನ್ನು ಮಾತ್ರ ಬಿಚ್ಚಿ ಡಿಕ್ಕಿಯಲ್ಲಿಡಬೇಕು.